ಕಪ್ಪು ಬಟ್ಟೆಯೊಳಗೆ ಕಂಡ ಹಸಿರು ಸೀರೆ

ಟಪ್.

ಲೆನ್ಸಿನ ಬಾಯಿಂದ ಹಿತ್ತಾಳೆಯ ಮುಚ್ಚಳ ಕಳಚಿ ಬರುವ ಸದ್ದು ಅದು. ಆಮೇಲೆ ಒಂದಿಷ್ಟು ಹೊತ್ತು ಇಡೀ ಕೋಣೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಮತ್ತೆ ಟಪ್. ಮುಚ್ಚಳ ವಾಪಸ್ಸು ಕೂತಿತು, ಫೋಟೋ ಮುಗಿಯಿತು. ನಾನು ಚಿಕ್ಕವಳಾಗಿದ್ದಾಗ ಹಾಸನದಲ್ಲಿ ಫೋಟೋ ತೆಗೆಸಿಕೊಳ್ಳುವುದು ಅಂದರೆ ಕಿವಿಗೆ ಬೀಳುತ್ತಿದ್ದುದು ಇಷ್ಟೇ. 'ಕ್ಲಿಕ್' ಅನ್ನುವ ಮಾತು ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ, ಕಾನ್ವೆಂಟಿನಲ್ಲಿ, ಇಂಗ್ಲಿಷಿನ ಜೊತೆಗೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಸ್ಕೂಲ್ ಡೇಗೆ ಹೊರಟು ನಿಂತಿದ್ದಳು. ತಲೆಗೆ ಮೊಗ್ಗಿನ ಜಡೆ. ಪೂರ್ತಿ ಪ್ಲಾಸ್ಟಿಕ್ಕು. ಬ್ಯೂಟಿ ಪಾರ್ಲರಿನಿಂದ ಬಾಡಿಗೆಗೆ ತಂದದ್ದಂತೆ, ಕ್ಲಿಪ್ಪು ಹಾಕಿದರೆ ಆಯಿತು. ಫೋನನ್ನು ನನ್ನ ಕೈಗಿತ್ತು, "ಅಜ್ಜೀ, ಒಂದು ಪಿಕ್ ತೆಗೀರಿ, ಪ್ಲೀಸ್" ಅಂದಳು.

"ಕನ್ನಡಿ ಎಲ್ಲಮ್ಮಾ?"

"ಕನ್ನಡಿ ಯಾಕಜ್ಜಿ?"

"ಮುಖಾನೂ ಜಡೇನೂ ಒಟ್ಟಿಗೆ ಕಾಣಬೇಡ್ವಾ?"

"ಅಯ್ಯೋ, ಮುಂದುಗಡೆಯಿಂದ ಒಂದು, ಹಿಂದುಗಡೆಯಿಂದ ಒಂದು ತೆಗೆದ್ರಾಯ್ತು" ಅಂದು ನಕ್ಕಳು. ತೆಗೆದುಕೊಟ್ಟೆ. ಫೋನು 'ಕ್ಲಿಕ್' ಅಂತು. ಒಳಗೆ ಏನೂ ತೆರೆದು ಮುಚ್ಚದ ಒಂದು ವಸ್ತು ಸುಮ್ಮನೆ ಆ ಸದ್ದು ಮಾಡುತ್ತದೆ. ಹುಡುಗಿ "ಥ್ಯಾಂಕ್ಯೂ ಅಜ್ಜೀ" ಅಂದು ಮೆಟ್ಟಿಲಿಳಿದು ಓಡಿದಳು. ನಾನು ಒಳಗೆ ಬಂದು ಕೂತೆ. ಆ ಹೊತ್ತಿನಿಂದ ನನ್ನ ಕಿವಿಯಲ್ಲಿ ಹಳೆಯ 'ಟಪ್' ನಿಂತಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಗ ನಮ್ಮ ಮನೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಲ್ಲಿತ್ತು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟರು. ಹೊಲ, ದನ, ಮನೆ, ಮನೆಯವರ ಬಾಯಿ ಎಲ್ಲವೂ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಕೈಯಲ್ಲಿ. ಅಮ್ಮ ಹೊಳೆನರಸೀಪುರದ ಕಡೆಯವಳು. ಹೊಳೆ ನೋಡಿಕೊಂಡು ಬೆಳೆದವಳಿಗೆ ನಮ್ಮೂರಿನ ಕೆರೆ ನೀರು ಸಪ್ಪೆ ಅನ್ನಿಸುತ್ತಿತ್ತಂತೆ. ನನಗೆ ಅದೆಲ್ಲ ಕೇಳಿ ಗೊತ್ತು. ಯಾಕೆಂದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಅಮ್ಮನಿಗೆ ಟಿ.ಬಿ. ಹತ್ತಿ, ಮೈಸೂರಿನ ಕಡೆಯ ಒಂದು ಸ್ಯಾನಟೋರಿಯಮ್ಮಿನಲ್ಲಿ ಇಟ್ಟಿದ್ದರು. ಅಮ್ಮ ಅಂದರೆ ಯಾವಾಗಲಾದರೊಮ್ಮೆ ಬರುವ ನೆಂಟರ ಹಾಗೆ ನನಗೆ.

ಆ ಬೇಸಿಗೆಯಲ್ಲಿ ಬಂದಳು. ಡಾಕ್ಟರು ಸ್ವಲ್ಪ ದಿನ ಮನೆಗೆ ಹೋಗಿ ಬಾ ಅಂದಿದ್ದರಂತೆ. ಯಾಕೆ ಹಾಗಂದರು ಅಂತ ದೊಡ್ಡವರಿಗೆ ಗೊತ್ತಿತ್ತು ಅಂತ ಕಾಣುತ್ತದೆ. ನನಗೆ ಮಾತ್ರ ಅಮ್ಮ ಬಂದಳು ಅನ್ನುವುದಷ್ಟೇ ಗೊತ್ತು.

ಬಂದಳು, ಆದರೆ ಹತ್ತಿರ ಬರುವ ಹಾಗಿಲ್ಲ. ಜಗಲಿಯ ಆ ತುದಿಯ ಕೋಣೆ ಅವಳದು. ಅವಳ ತಟ್ಟೆ, ಚೊಂಬು, ಲೋಟ ಬೇರೆ. ಅದನ್ನೆಲ್ಲ ಹಿತ್ತಿಲ ಒಲೆಯಲ್ಲಿ ಕುದಿಸುತ್ತಿದ್ದರು. ಫಿನಾಯಿಲ್ ವಾಸನೆ, ಬೇವಿನ ಸೊಪ್ಪಿನ ಹೊಗೆ, ಅವಳಿಗೆಂದೇ ಕಾಯಿಸಿದ ಹಾಲಿನ ಕೆನೆಯ ವಾಸನೆ. ಈಗಲೂ ಯಾವುದಾದರೂ ಆಸ್ಪತ್ರೆ ಕಾರಿಡಾರಿನಲ್ಲಿ ಫಿನಾಯಿಲ್ ಮೂಗಿಗೆ ಬಡಿದರೆ ಉಳಿದವರು ಮುಖ ಸಿಂಡರಿಸುತ್ತಾರೆ, ನನಗೆ ಅಮ್ಮನ ನೆನಪಾಗುತ್ತದೆ. ಫನ್ನಿ, ಅಲ್ಲವಾ?

ನಾನು ಜಗಲಿಯ ಈ ತುದಿಯ ಕಂಬದ ಹತ್ತಿರ ಕೂತು ಅಂಗಳದಲ್ಲಿ ಒಣಗಲು ಹಾಕಿದ ಸಂಡಿಗೆಗೆ ಕಾಗೆ ಕಾಯಬೇಕು. ಅಮ್ಮ ಆ ತುದಿಯಲ್ಲಿ ಚಾಪೆಯ ಮೇಲೆ. ನಾನೇನಾದರೂ ಒಂದು ಕಂಬ ದಾಟಿ ಆಚೆ ಸರಿದರೆ ಅವಳೇ ಕೈ ಅಡ್ಡ ಮಾಡಿ, "ಅಲ್ಲೇ ಸರೂ, ಅಲ್ಲೇ ಇರಮ್ಮಾ" ಅನ್ನುವಳು. ಅಜ್ಜಿ ಬೈದಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅಜ್ಜಿ ಬೈಯುವುದು ಇದ್ದದ್ದೇ.

ಅಮ್ಮನ ಹತ್ತಿರ ಒಂದು ಸಣ್ಣ ಕೈಗನ್ನಡಿ ಇತ್ತು, ಅಂಗೈಯಗಲದ್ದು. ಅದನ್ನು ಬಿಸಿಲಿಗೆ ಹಿಡಿದು, ಬೆಳಕಿನ ಒಂದು ಬಿಲ್ಲೆಯನ್ನು ನನ್ನ ಮುಂದಿನ ಗೋಡೆಗೆ ಎಸೆಯುವಳು. ಬಿಲ್ಲೆ ಗೋಡೆ ಮೇಲೆ ಓಡುತ್ತಿತ್ತು, ನಾನು ಹಿಡಿಯಲು ಹೋಗುತ್ತಿದ್ದೆ. ಅದು ತಪ್ಪಿಸಿಕೊಂಡು ಹೆಂಚಿಗೆ ಹಾರಿ, ಹಸುವಿನ ಕೊಂಬಿಗೆ ಕೂತು, ಅಜ್ಜಿಯ ಬೆನ್ನ ಮೇಲೆ ಹತ್ತಿ ಇಳಿಯುತ್ತಿತ್ತು. "ಏನವ್ವಾ ಇದು, ಬೆನ್ನು ಚುರುಗುಟ್ತದೆ" ಅಂತ ಅಜ್ಜಿ ತಿರುಗುವುದರೊಳಗೆ ಮಾಯ. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಆಮೇಲೆ ಕೆಮ್ಮುತ್ತಿದ್ದಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಆ ಬಿಲ್ಲೆಯನ್ನು ನನ್ನ ಕೆನ್ನೆಯ ಮೇಲೆ ತಂದು ನಿಲ್ಲಿಸುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ಕೂರುತ್ತಿದ್ದೆ. ಬೆಚ್ಚಗಿರುತ್ತಿತ್ತು.

ಅಮ್ಮ ವಾಪಸ್ಸು ಹೋಗುವ ದಿನ ಹತ್ತಿರ ಬಂದಾಗ ಒಂದು ಆಸೆ ಹೇಳಿದಳು. ತನ್ನ ಮಂಚದ ಪಕ್ಕ ಇಟ್ಟುಕೊಳ್ಳಲು ನನ್ನದೊಂದು ಫೋಟೋ ಬೇಕು. ಅದೂ ಮೊಗ್ಗಿನ ಜಡೆ ಹಾಕಿಸಿ. ನಮ್ಮ ಕಡೆ ಹೆಣ್ಣುಮಗು ಅಂದರೆ ಬೇಸಿಗೆಯ ಮಲ್ಲಿಗೆ ಕಾಲದಲ್ಲಿ ಒಂದು ಸಲವಾದರೂ ಮೊಗ್ಗಿನ ಜಡೆ ಹೆಣೆಸಿ, ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಬೆನ್ನ ಹಿಂದೆ ದೊಡ್ಡ ನಿಲುಗನ್ನಡಿ ಇಟ್ಟು, ಮುಖದ ಜೊತೆಗೆ ಜಡೆಯೂ ಕಾಣುವ ಹಾಗೆ ಫೋಟೋ ತೆಗೆಸಲೇಬೇಕು. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಗೋಡೆಯಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ.

"ನೀನೂ ಕೂತ್ಕೋಬೇಕು. ಇಬ್ಬರದೂ ತೆಗೆಸೋಣ" ಅಂದೆ ನಾನು, ಈ ಕಂಬದಿಂದ.

"ನಾನು ಗುಣ ಆಗಿ ಬರ್ತೀನಲ್ಲ, ಆವಾಗ" ಅಂದಳು ಅಮ್ಮ, ಆ ಕಂಬದಿಂದ.

ಅಜ್ಜಿ ಅಡ್ಡ ಬಂದಳು ಅಂದುಕೊಳ್ಳಬೇಡಿ. ಅಜ್ಜಿಯೇ ಹೇಳಿದ್ದು: "ಒಂದ್ ತೆಗುಸ್ಕೊಬುಡು ಕಣವ್ವ. ದೂರವೇ ಕೂತ್ಕೊ ಬೇಕಾರೆ. ಕೂಸಿಗೆ ಇರ್ಲಿ ಒಂದು."

"ಈ ಮುಖಾನಾ ಅತ್ತೆ? ಬೇಡಿ. ಇದನ್ನ ನೋಡ್ಕೊಂಡು ಬೆಳೀಬಾರ್ದು ಅವಳು."

ಅಮ್ಮನ ಮುಖ ಕಾಣುವ ಫೋಟೋ ಒಂದೂ ಇರಲಿಲ್ಲ. ಮದುವೆಯಲ್ಲಿ ತೆಗೆದ ಗ್ರೂಪ್ ಫೋಟೋದಲ್ಲಿ ಬಾಸಿಂಗ ಕಟ್ಟಿಕೊಂಡು, ಮದುಮಗಳು ಬಗ್ಗಿಸಬೇಕಾದಷ್ಟೂ ತಲೆ ಬಗ್ಗಿಸಿ ಕೂತಿದ್ದಾಳೆ. ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಅದಕ್ಕೇ ಹಟ ಹಿಡಿದೆ. ಊಟ ಬಿಟ್ಟೆ. ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ತಂದರೂ ಮುಟ್ಟಲಿಲ್ಲ. ಕೊನೆಗೆ ಅಮ್ಮ, "ಸರಿ, ಸ್ಟುಡಿಯೋಗೆ ಹೋಗಿ ನೋಡೋಣ" ಅಂದಳು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಹೊರಡುವ ದಿನ ಬೆಳಿಗ್ಗೆ ಜಗಲಿಯಲ್ಲೇ ಜಡೆಯ ಕೆಲಸ. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗನ್ನು ಸೂಜಿಯಲ್ಲಿ ಹೊಲಿದು, ಮಧ್ಯೆ ಮಧ್ಯೆ ಕನಕಾಂಬರ ಕೊಟ್ಟು, ಅದನ್ನು ನನ್ನ ಮೋಟು ಜಡೆಗೆ ಕಟ್ಟಬೇಕು. ಅಜ್ಜಿಗೆ ಹೊಲದ ಕೆಲಸ ಬಂದಷ್ಟು ಇದು ಬರದು. ಚೆನ್ನಾಗಿ ಬರುತ್ತಿದ್ದುದು ಅಮ್ಮನಿಗೆ. ಅವಳು ಹೆಣೆದ ಜಡೆ ನೋಡಲು ಹೊಳೆನರಸೀಪುರದಲ್ಲಿ ಬೀದಿಯ ಹೆಂಗಸರೆಲ್ಲ ಬರುತ್ತಿದ್ದರಂತೆ. ಆದರೆ ಅವಳು ಮುಟ್ಟುವ ಹಾಗಿಲ್ಲ. ಅದಕ್ಕೆ ಏನು ಮಾಡಿದಳು ಗೊತ್ತಾ? ಕೈಗನ್ನಡಿ ತೆಗೆದಳು. ನನ್ನ ಬೆನ್ನ ಮೇಲೆ ಬಿಸಿಲ ಬಿಲ್ಲೆ ಬಿಟ್ಟು, "ಇಲ್ಲಿ ಅತ್ತೆ. ಇಲ್ಲೊಂದು ಮೊಗ್ಗು. ಈಗ ಇಲ್ಲಿ, ಕನಕಾಂಬರ" ಅಂತ ಬೆಳಕಿನಲ್ಲೇ ತೋರಿಸುತ್ತ ಹೋದಳು.

"ತಡೀ ತಡೀ, ಓಡುಸ್ಬ್ಯಾಡ. ನನ್ ಕಣ್ಣು ನಿನ್ ಕನ್ನಡಿ ಹಿಂದೆ ಓಡಬೇಕಲ್ಲ!" ಅಜ್ಜಿಯ ಗೊಣಗಾಟ. ನನಗೆ ಏನೂ ಕಾಣುತ್ತಿರಲಿಲ್ಲ. ಬೆನ್ನ ಮೇಲೆ ಒಂದು ಬೆಚ್ಚನೆಯ ಚುಕ್ಕೆ ನಿಧಾನವಾಗಿ ಇಳಿಯುತ್ತಿರುವುದು ತಿಳಿಯುತ್ತಿತ್ತು. ಅಮ್ಮ ನನಗೆ ಜಡೆ ಹೆಣೆದದ್ದು ಹಾಗೆ.

ಮೊಗ್ಗಿನ ಜಡೆಯ ಕಷ್ಟ ಏನೆಂದರೆ ಮೊಗ್ಗು ಮೊಗ್ಗಾಗಿರುವಾಗಲೇ ಫೋಟೋ ಆಗಬೇಕು. ಬಿರಿದರೆ ಮುಗಿಯಿತು. ಬಾಗೂರಿನಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ, ಬೇಸಿಗೆಯ ಬಸ್ಸಿನ ಕಾವು. ಅಜ್ಜಿ ಒಂದು ಒದ್ದೆ ಟವೆಲಿನೊಳಗೆ ಬಾಳೆ ಎಲೆ ಇಟ್ಟು, ಅದರಲ್ಲಿ ನನ್ನ ಜಡೆಯನ್ನು ಸುತ್ತಿ, ಬೆನ್ನಿಗೆ ಬಿಗಿದಳು. ಲಂಗ ತೊಯ್ದು ಕಾಲಿಗೆ ಅಂಟುತ್ತಿತ್ತು.

ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ನೋಡಿ, "ಏನಮ್ಮೋ, ಕೂಸಿನ ಬೆನ್ಗೆ ಏನ್ ಗಾಯ ಆಗದೆ?" ಅಂದ.

"ಗಾಯ ನಿನ್ ನಾಲ್ಗೆಗೆ ಆಗ್ಲಿ. ಮೊಗ್ಗಿನ್ ಜಡೆ ಕಣ್ಲಾ ಅದು!" ಅಂದಳು ಅಜ್ಜಿ. ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ, ಕಿಟಕಿಗೆ ಮುಖ ಕೊಟ್ಟು ಕೂತಿದ್ದ ಅಮ್ಮನೂ ನಕ್ಕಿದ್ದು ನನಗೆ ಕೇಳಿಸಿತು. ನಾನು ಅಜ್ಜಿಯ ಜೊತೆ ಮುಂದೆ. ತಿರುಗಿ ನೋಡೋಣವೆಂದರೆ ಜಡೆ. ಅಮ್ಮ ಉಟ್ಟದ್ದು ಕೆಂಪಂಚಿನ ಹಸಿರು ಸೀರೆ, ಹತ್ತುವಾಗ ನೋಡಿದ್ದೆ.

ಶಾಂತಿಗ್ರಾಮದ ಹತ್ತಿರ ಇಂಜಿನ್ನು ಕಾದು ಹೊಗೆ ಬಿಟ್ಟು ನಿಂತಿತು. ಡ್ರೈವರು ಬಾವಿಯಿಂದ ಬಕೆಟ್ಟಿನಲ್ಲಿ ನೀರು ತಂದರೆ, ಅಜ್ಜಿ ಅಡ್ಡ ಹೋಗಿ, "ಒಸಿ ಇಲ್ಗೂ ಉಯ್ಯಪ್ಪ. ಅದೂ ಕಾದದೆ, ಇದೂ ಕಾದದೆ" ಅಂತ ನನ್ನ ಬೆನ್ನು ತೋರಿಸಿದಳು. ಅವನು ಉಯ್ದ. ಅಪ್ಪ ಮಾತ್ರ ನಗಲಿಲ್ಲ. ಗಡಿಯಾರ ನೋಡಿಕೊಳ್ಳುತ್ತಿದ್ದ. ಹಾಸನದಲ್ಲಿ ಅಮ್ಮನನ್ನು ಮೈಸೂರಿನ ರೈಲು ಹತ್ತಿಸಬೇಕಿತ್ತು. ಅವಳ ಜೊತೆ ಅಪ್ಪ ಹೋಗುವುದು, ಅಜ್ಜಿ ನಾನು ಬಸ್ಸಿನಲ್ಲಿ ಊರಿಗೆ ತಿರುಗುವುದು ಅಂತ ಮಾತಾಗಿತ್ತು. ಸ್ಟುಡಿಯೋಗೆ ಅಂತ ಇಟ್ಟುಕೊಂಡಿದ್ದ ಹೊತ್ತೆಲ್ಲ ಆ ಬಾವಿಯ ಕಟ್ಟೆಯಲ್ಲಿ ಕರಗಿಹೋಯಿತು.

ಸ್ಟುಡಿಯೋ ಒಂದು ಉದ್ದನೆಯ ಕೋಣೆ. ಮಾಡಿನ ಅರ್ಧಕ್ಕೆ ಗಾಜಿನ ಹೆಂಚು, ಅದರ ಕೆಳಗೆ ಬಿಳಿಯ ಪರದೆ. ಬೆಳಕು ಹಾಲಿನ ಹಾಗೆ ಇಳಿಯುತ್ತಿತ್ತು. ಗೋಡೆಗೆ ಅರಮನೆಯ ಮೆಟ್ಟಿಲು ಬರೆದ ಬಟ್ಟೆ, ಮುಂದೆ ಕೆತ್ತನೆಯ ಕುರ್ಚಿ, ನಿಲುಗನ್ನಡಿ. ಇಡೀ ಕೋಣೆಗೆ ಹುಳಿ ಹುಳಿಯಾದ ಔಷಧಿ ವಾಸನೆ. ಅದು ಫೋಟೋ ತೊಳೆಯುವ ಹೈಪೋ ಅಂತ ಆಮೇಲೆ ತಿಳಿಯಿತು. ಮಧ್ಯದಲ್ಲಿ ಮೂರು ಕಾಲಿನ ಮೇಲೆ ಮರದ ಕ್ಯಾಮೆರಾ, ಹಿತ್ತಾಳೆಯ ಮೂತಿ, ಹಿಂದೆ ಇಳಿಬಿದ್ದ ಕಪ್ಪು ಬಟ್ಟೆ. ಸ್ಟುಡಿಯೋ ಮಾಲೀಕರನ್ನು ಎಲ್ಲರೂ ರಾಯರು ಅನ್ನುತ್ತಿದ್ದರು.

ಟವೆಲ್ಲು ಬಿಚ್ಚಿ ನೋಡಿದರೆ ಕೆಲವು ಮೊಗ್ಗು ಬಾಯಿ ಬಿಟ್ಟಿದ್ದವು. "ಇದು ಹಿಂಗ್ ಬ್ಯಾಡ" ಅಂತ ಅಜ್ಜಿ ಬಿರಿದದ್ದನ್ನೆಲ್ಲ ಕಿತ್ತು, ಚೀಲದಲ್ಲಿ ತಂದಿದ್ದ ಬೇರೆ ಮೊಗ್ಗು ಪೋಣಿಸಲು ಕೂತಳು.

"ಅಷ್ಟರಲ್ಲಿ ಯಾರಾದರೂ ಒಬ್ಬರು ಕುರ್ಚಿ ಮೇಲೆ ಕೂತರೆ ನಾನು ಫೋಕಸ್ ಮಾಡಿಟ್ಟುಕೊಳ್ತೀನಿ" ಅಂದರು ರಾಯರು. ಅಪ್ಪ ಸ್ಟೇಷನ್ನಿಗೆಂದು ಕರೆತಂದ ಜಟಕಾದವನ ಜೊತೆ ಬಾಗಿಲಲ್ಲಿದ್ದ. ಉಳಿದವಳು ಅಮ್ಮ. ಅವಳು ಹೋಗಿ ಕೂತಳು.

ಕೂತುಬಿಟ್ಟಿದ್ದಾಳೆ! ಇನ್ನು ತೆಗೆದುಬಿಡುವುದೊಂದೇ ಬಾಕಿ. ರಾಯರು ಬಟ್ಟೆಯೊಳಗೆ ತಲೆ ತೂರಿಸಿ, ಹೊರಗೆ ಬಂದು, "ಚೆನ್ನಾಗಿ ಕಾಣ್ತೀರಮ್ಮಾ. ನಿಮ್ಮದೂ ಒಂದು ತೆಗೆದುಬಿಡಲಾ?" ಅಂದರು.

"ಬೇಡಿ ರಾಯರೇ. ಅವಳದ್ದು ಮಾತ್ರ."

"ಅಮ್ಮಾ, ಒಂದೇ ಒಂದು" ಅಂದೆ. ಅಜ್ಜಿಯ ಕೈಯಲ್ಲಿ ಜಡೆ ಇದ್ದದ್ದರಿಂದ ಎಳೆದುಕೊಂಡು ಓಡುವ ಹಾಗೂ ಇರಲಿಲ್ಲ.

"ಕೂಸು ಅಷ್ಟು ಕೇಳ್ತದೆ, ತೆಗುಸ್ಕೊಂಡ್ರೇನಂತೆ?" ಅಂದಳು ಅಜ್ಜಿ, ಬಾಯಲ್ಲಿ ದಾರ ಕಚ್ಚಿಕೊಂಡೇ.

ಅಮ್ಮ ಕುರ್ಚಿಯಲ್ಲೇ ಕೂತು ನಮ್ಮ ಕಡೆ ನೋಡಿದಳು. ಆಮೇಲೆ ಕೇಳಿದಳು, "ಆ ಕನ್ನಡೀಲಿ ನಾನು ಎಲ್ಲಿ ನಿಂತರೆ ಕಾಣ್ತೀನಿ ರಾಯರೇ? ಎಲ್ಲಿ ನಿಂತರೆ ಕಾಣಲ್ಲ?"

ರಾಯರಿಗೆ ಅರ್ಥವಾಗಿರಬೇಕು. ಕನ್ನಡಿಯನ್ನು ಒಂದು ಚೂರು ತಿರುಗಿಸಿ ಇಟ್ಟರು. "ಎಲ್ಲಿ ನಿಂತರೂ ಕಾಣಲ್ಲಮ್ಮ" ಅಂದರು.

ಬಾಗಿಲಿನಿಂದ ಅಪ್ಪ, "ಹೊತ್ತಾಯ್ತು ಕಣೇ" ಅಂದ.

ಜಡೆ ಸರಿಹೋಗಿತ್ತು. ಅಮ್ಮ ಏಳಲಿಲ್ಲ. "ರಾಯರೇ, ಆ ಬಟ್ಟೆಯೊಳಗೆ ಏನು ಕಾಣತ್ತೆ ಅಂತ ಇವಳಿಗೆ ಒಂದ್ಸಲ ತೋರಿಸ್ತೀರಾ?" ಅಂದಳು.

"ಜಡೆ ಆಳಾಯ್ತದೆ" ಅಂದಳು ಅಜ್ಜಿ.

"ಆಗಲ್ಲ ಅತ್ತೆ. ನೋಡ್ಲಿ."

ರಾಯರು ಒಂದು ಸ್ಟೂಲು ಹಾಕಿ ನನ್ನನ್ನು ಹತ್ತಿಸಿದರು. ಬಟ್ಟೆ ಮೇಲೆ ಬಿತ್ತು. ಕತ್ತಲೆ. ಮಲ್ಲಿಗೆಯ ವಾಸನೆ, ಹೈಪೋ ವಾಸನೆ, ರಾಯರ ನಶ್ಯದ ವಾಸನೆ. ಆಮೇಲೆ ಕಣ್ಣಿನ ಮುಂದೆ, ಮೂಗು ತಗುಲುವಷ್ಟು ಹತ್ತಿರ, ಒಂದು ಗಾಜು. ಗಾಜಿನ ಮೇಲೆ ಅಮ್ಮ.

ಅಂಗೈಯಷ್ಟಗಲದ ಅಮ್ಮ, ತಲೆಕೆಳಗಾಗಿ. ಗೋಡೆಯಲ್ಲಿ ತೂಗುಹಾಕಿದ್ದ ಫೋಟೋಗಳೆಲ್ಲ ಕಪ್ಪುಬಿಳುಪು, ಇವಳಿಗೆ ಮಾತ್ರ ಬಣ್ಣ. ಹಸಿರು ಸೀರೆ, ಕೆಂಪಂಚು, ಕುಂಕುಮ. ಫೋಟೋದಲ್ಲಿರುವವರು ಅಲ್ಲಾಡುವುದಿಲ್ಲ, ಇವಳು ಉಸಿರಾಡುತ್ತಿದ್ದಳು. ಆ ಬೇಸಿಗೆಯೆಲ್ಲ ನಾನು ಅಷ್ಟು ಹತ್ತಿರದಿಂದ ಅಮ್ಮನನ್ನು ನೋಡಿರಲಿಲ್ಲ. ಬೆರಳಿಟ್ಟು ಕೆನ್ನೆ ಮುಟ್ಟಿದೆ. ಗಾಜು ತಣ್ಣಗಿತ್ತು.

"ಕಾಣ್ತೀನಾ ಸರೂ?"

"ಕಾಣ್ತೀಯ! ನೀನು ಮೇಲ್ಗಡೆ ನೇತಾಡ್ತಿದ್ದೀಯ!"

ಅಮ್ಮ ನಕ್ಕಳು. ಸೆರಗು ಅಡ್ಡ ಇಟ್ಟುಕೊಳ್ಳದೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲ್ಲಿಂದ ನಾನು ಅವಳಿಗೆ ಕಾಣುತ್ತಿರಲಿಲ್ಲವಲ್ಲ, ಅದಕ್ಕೇ ಇರಬೇಕು. ಆಮೇಲೆ ಕೈ ಎತ್ತಿದಳು. ಬೆರಳುಗಳನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಮಾಡಿದಳು. ಗಾಜಿನ ಮೇಲೆ ಆ ಕೈ ಕೆಳಮುಖವಾಗಿ, ಬೆರಳುಗಳು ಒಳಕ್ಕೆ ಮಡಚುತ್ತ, ನಮ್ಮ ಕಡೆ ಜಗಲಿ ಮೇಲೆ ಕೂತವರು ಬೀದಿಯ ಮಗುವನ್ನು ಕರೆಯುವ ಹಾಗೆಯೇ ಕರೆಯುತ್ತಿತ್ತು. ಬಾ. ಬಾ.

ಅಮ್ಮ ಕರೆಯುತ್ತಿದ್ದಾಳೆ! 'ಅಲ್ಲೇ ಇರು' ಅನ್ನುತ್ತಿದ್ದವಳು 'ಬಾ' ಅನ್ನುತ್ತಿದ್ದಾಳೆ. ಇಬ್ಬರದೂ ಫೋಟೋ!

"ಬಂದೇ!" ಅಂತ ಕೂಗಿ ಸ್ಟೂಲಿನಿಂದ ಧುಮುಕಿದೆ. ಜಡೆಯ ಕುಚ್ಚು ಕಪ್ಪು ಬಟ್ಟೆಗೆ ಸಿಕ್ಕಿಕೊಂಡಿತು. ಬಟ್ಟೆ ನನ್ನ ಮೇಲೆ, ನಾನು ಬಟ್ಟೆಯೊಳಗೆ, ರಾಯರು "ಅಯ್ಯೋ ಕ್ಯಾಮೆರಾ ಕ್ಯಾಮೆರಾ" ಅಂತ, ಅಜ್ಜಿ "ಜಡೆ ಕಣೇ, ಜಡೆ!" ಅಂತ. ಬಿಡಿಸಿ ಹೊರಗೆ ಎಳೆದು ನಿಲ್ಲಿಸುವ ಹೊತ್ತಿಗೆ ಕುರ್ಚಿ ಖಾಲಿ ಇತ್ತು.

"ಅಮ್ಮ ಎಲ್ಲಿ? ಕರೆದಳಲ್ಲ ನನ್ನ?"

ಅಜ್ಜಿ ನನ್ನ ಮುಖ ಒರೆಸಿ, ಎತ್ತಿ ಆ ಕುರ್ಚಿಯ ಮೇಲೆ ಕೂರಿಸಿದಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ರಾಯರು ನನ್ನ ಗಲ್ಲ ಹಿಡಿದು ಒಂದು ಕಡೆ ತಿರುಗಿಸಿದರು. "ಅಲ್ಲಾಡಬಾರದು ಮಗೂ. ಅತ್ತರೆ ಕಣ್ಣು ಎರಡೆರಡು ಬರ್ತವೆ. ಅಮ್ಮ ಈ ಫೋಟೋಗೆ ಕಾಯ್ತಿರ್ತಾಳೆ, ಗೊತ್ತಾಯ್ತಾ?"

ಟಪ್.

ನಾನು ಅಲ್ಲಾಡಲಿಲ್ಲ. ಹೊರಗೆ ಜಟಕಾದ ಕುದುರೆ ಕಾಲು ಕೆದರಿತು, ಗೆಜ್ಜೆ ಅಲುಗಿತು, ಗಾಲಿ ಜಲ್ಲಿಕಲ್ಲಿನ ಮೇಲೆ ಉರುಳಲು ಶುರುವಾಯಿತು. ನಾನು ಅಲ್ಲಾಡಲಿಲ್ಲ.

ಟಪ್.

ಫೋಟೋ ಬಹಳ ಚೆನ್ನಾಗಿ ಬಂದಿತು. ಅಪ್ಪ ಅದರ ಒಂದು ಪ್ರತಿಯನ್ನು ಸ್ಯಾನಟೋರಿಯಮ್ಮಿಗೆ ತೆಗೆದುಕೊಂಡು ಹೋಗಿ ಕೊಟ್ಟ. ಕನ್ನಡಿಯಲ್ಲಿ ಜಡೆ ಎಷ್ಟು ನೀಟಾಗಿ ಬಂದಿದೆ ಅಂತ ಅಮ್ಮ ಎಲ್ಲ ನರ್ಸಮ್ಮಗಳಿಗೂ ತೋರಿಸಿದಳಂತೆ. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟಳು. ಅಲ್ಲಿಗೆ ನನ್ನನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಅವಳ ಸಾಮಾನೆಲ್ಲ ಅಲ್ಲಿಯೇ ಸುಟ್ಟರು. ಸೀರೆ, ಕೈಗನ್ನಡಿ, ನನ್ನ ಫೋಟೋ. ಆ ರೋಗಕ್ಕೆ ಹಾಗೆಯೇ ಮಾಡುತ್ತಿದ್ದರು.

ನಮ್ಮ ಮನೆಗೆಂದು ತಂದ ಪ್ರತಿ ಗೋಡೆಯಲ್ಲಿತ್ತು. ಈಗ ನನ್ನ ಮೇಜಿನ ಮೇಲಿದೆ. ಭೂತಗನ್ನಡಿ ಹಿಡಿದು ಆ ನಿಲುಗನ್ನಡಿಯ ಮೂಲೆ ಮೂಲೆಯನ್ನೂ ನಾನು ಎಷ್ಟು ಸಲ ಹುಡುಕಿದ್ದೇನೋ. ಜಡೆ ಇದೆ, ಅರಮನೆ ಮೆಟ್ಟಿಲಿನ ಒಂದು ತುದಿ ಇದೆ. ರಾಯರು ಮಾತು ಕೊಟ್ಟ ಹಾಗೆಯೇ, ಯಾರೂ ಇಲ್ಲ.

ಆಮೇಲೆ ನನ್ನನ್ನು ಹಾಸನದ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ಇಂಗ್ಲಿಷು ಕಲಿತೆ, ಮೊಣಕಾಲೂರಿ ಪ್ರೇಯರ್ ಹೇಳಲು ಕಲಿತೆ, ಫೋರ್ಕಿನಲ್ಲಿ ತಿನ್ನಲು ಕಲಿತೆ. ಒಳಗೊಳಗೆ ಒಂದು ಸಿಟ್ಟು ಇತ್ತು. ದೇವರ ಮೇಲಲ್ಲ, ಅಮ್ಮನ ಮೇಲೆ. ಸತ್ತದ್ದಕ್ಕಲ್ಲ. ಕರೆದು, ನಾನು ಬರುವಷ್ಟರಲ್ಲಿ ಹೊರಟುಹೋದಳಲ್ಲ, ಅದಕ್ಕೆ. ಡಾರ್ಮಿಟರಿಯಲ್ಲಿ ಉಳಿದ ಹುಡುಗಿಯರು ಅವರವರ ತಾಯಂದಿರಿಗಾಗಿ ಅಳುತ್ತಿದ್ದರೆ ನಾನು ಹಲ್ಲು ಕಚ್ಚಿ ಮಲಗಿರುತ್ತಿದ್ದೆ. ಹೇಳಿಕೊಳ್ಳಲು ಯಾರಿದ್ದರು?

ಹೈಸ್ಕೂಲಿಗೆ ಬಂದ ಮೇಲೆ ಸೈನ್ಸ್ ಕ್ಲಾಸಿನಲ್ಲಿ ಲೆನ್ಸಿನ ಪಾಠ. ಸಿಸ್ಟರ್ ಲ್ಯಾಬಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಂದನ್ನು ಮಾತ್ರ ತೆರೆದಿಟ್ಟು, ಅದರೆದುರಿಗೆ ಒಂದು ಕಾನ್ವೆಕ್ಸ್ ಲೆನ್ಸ್ ಹಿಡಿದರು. ಹಿಂದಿನ ಬಿಳಿ ಹಾಳೆಯ ಮೇಲೆ ಆಟದ ಮೈದಾನ ಮೂಡಿತು. ಆಕಾಶ ಕೆಳಗೆ, ಹುಲ್ಲು ಮೇಲೆ. "ರಿಯಲ್, ಇನ್ವರ್ಟೆಡ್, ಡಿಮಿನಿಶ್ಡ್. ರೈಟ್ ಇಟ್ ಡೌನ್, ಗರ್ಲ್ಸ್" ಅಂದರು. ಮೈದಾನದಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿ, "ವೇವ್, ಚೈಲ್ಡ್! ಸೇ ಗುಡ್‌ಬೈ!" ಅಂತ ಕಿಟಕಿಯಿಂದ ಕೂಗಿದರು. ಅವಳು ಟಾಟಾ ಮಾಡಿದಳು, ಬೆರಳು ಮಡಿಸಿ ಬಿಚ್ಚಿ.

ಹಾಳೆಯ ಮೇಲೆ ಆ ಕೈ 'ಬಾ, ಬಾ' ಅಂತು.

ಎಲ್ಲರೂ ಕಿಲಕಿಲ ನಕ್ಕರು. ನಾನು ಎದ್ದು ನಿಂತು, "ಸಿಸ್ಟರ್, ಮೇ ಐ ಬಿ ಎಕ್ಸ್‌ಕ್ಯೂಸ್ಡ್?" ಅಂದೆ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತೆ. ಅಮ್ಮನಿಗಾಗಿ ನಾನು ಅತ್ತದ್ದು ಅದೇ ಮೊದಲು.

ರಜಕ್ಕೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಬಾ ಅಂತ ಕರೀತಾಳಾ ಅವ್ಳು? ಬ್ಯಾಸ್ಗೆ ಪೂರ್ತಿ ಒಂದ್ ಕಂಬ ದಾಟಕ್ಕೆ ಬುಡ್ದೋಳು? ಓಯ್ತೀನಿ ಅಂತ ಕೈ ಆಡುಸುದ್ಲು ಕಣವ್ವ. ನೀನು ನೋಡ್ಕೊಂಡು ನಗ್ತಾ ಇರೋವಾಗ್ಲೇ ಓಗ್ಬುಡ್ಬೇಕು ಅಂತಿದ್ಲು. ಎದ್ದು, ಬಾಯ್ಗೆ ಸೆರಗು ಒತ್ಕೊಂಡು ಓಡೋದ್ಲು." ಸೆರಗಿನಲ್ಲಿ ಕೈ ಒರೆಸಿಕೊಂಡು, "ನೀನು ಅಲ್ಲಾಡ್ದಂಗೆ ಕೂತಿದ್ದೆ ನೋಡು, ಅವತ್ತು ನಂಗೆ ನಿನ್ನ್ ನೋಡಿ ಭಯ ಆಯ್ತು" ಅಂದಳು. ಮತ್ತೆ ಮೊರ ಎತ್ತಿಕೊಂಡಳು.

ಮುಂದೆ ನಾನೂ ಟೀಚರಾದೆ, ಇಂಗ್ಲಿಷ್ ಪಾಠ ಮಾಡಿದೆ. ಕೆಲಸಕ್ಕೆ ಸೇರಿದ ಮೇಲೆ ಕೊಂಡ ಮೊದಲ ವಸ್ತು ಬಾಕ್ಸ್ ಕ್ಯಾಮೆರಾ. ಅದಾದ ಮೇಲೆ ಎರಡು ಲೆನ್ಸಿನದು, ಮೇಲಿನಿಂದ ಬಗ್ಗಿ ನೋಡುವಂಥದ್ದು. ಅದರ ಗಾಜಿನಲ್ಲಿ ಜನ ನೆಟ್ಟಗೆ ಕಾಣುತ್ತಿದ್ದರು, ಎಡ ಮಾತ್ರ ಬಲಕ್ಕೆ ಹೋಗಿರುತ್ತಿತ್ತು. ಹೊಳೆನರಸೀಪುರದಲ್ಲಿ ಅಮ್ಮ ನೋಡಿ ಬೆಳೆದ ಹೊಳೆಯನ್ನು, ಅರಕಲಗೂಡಿನ ದಾರಿಯ ಹೊಗೆಸೊಪ್ಪಿನ ಹೊಲಗಳನ್ನು ಅದರಲ್ಲೇ ತೆಗೆದೆ. ಕೊನೆಗೆ ನನ್ನ ಯಜಮಾನರು ಎಸ್.ಎಲ್.ಆರ್. ಕ್ಯಾಮೆರಾ ತಂದುಕೊಟ್ಟರು. ಕಣ್ಣಿಟ್ಟರೆ ಎಲ್ಲವೂ ನೆಟ್ಟಗೆ, ಎಲ್ಲವೂ ಇದ್ದ ಕಡೆಯೇ. ಪ್ರಿಸಮ್ ತಿರುಗಿಸಿ ಕೊಡುತ್ತದೆ. ನನಗೇಕೋ ಒಗ್ಗಲಿಲ್ಲ. "ನಿನಗೆ ಜನ ನೆಟ್ಟಗೆ ಕಂಡರೆ ಆಗಲ್ಲ ಅಲ್ವೇನೇ?" ಅಂತ ಅವರು ಛೇಡಿಸುತ್ತಿದ್ದರು. ಅವರಿಗೆ ಕಾರಣ ಹೇಳಿರಲಿಲ್ಲ. ಹೇಳಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಈಗ ಅವರೂ ಇಲ್ಲ.

ಹಾಸನದಲ್ಲಿ ಈಗ ಫಿಲ್ಮ್ ರೋಲು ಸಿಗುವುದಿಲ್ಲ. ರಾಯರ ಸ್ಟುಡಿಯೋ ಇದ್ದ ಕಡೆ ಮೊಬೈಲ್ ಕವರು ಮಾರುತ್ತಾರೆ, ಗಾಜಿನ ಮಾಡು ಹೋಗಿ ಆರ್.ಸಿ.ಸಿ. ಬಂದು ಎಷ್ಟೋ ಕಾಲವಾಯಿತು. ನನ್ನ ಕ್ಯಾಮೆರಾಗಳು ಬೀರುವಿನಲ್ಲಿ, ಲೆನ್ಸುಗಳಿಗೆ ಬೂಷ್ಟು. ಪಕ್ಕದ ಮನೆಯ ಹುಡುಗಿಯ ಫೋನಿನಲ್ಲಿ ಅವಳ ತಾಯಿಯ ಫೋಟೋ ಎಷ್ಟಿವೆಯೋ ಅವಳಿಗೇ ಗೊತ್ತಿಲ್ಲ. ಒಂದು ಸಲ ತೋರಿಸುತ್ತಾ ಬೆರಳಲ್ಲಿ ಸರ್ ಸರ್ ಅಂತ ತಳ್ಳಿಕೊಂಡೇ ಹೋ‌ದಳು. "ನಿಲ್ಲಿಸೇ, ಅದೊಂದನ್ನ ನೋಡ್ತೀನಿ" ಅನ್ನುವಷ್ಟರಲ್ಲಿ ದಾಟಿರುತ್ತಿತ್ತು. ಅಷ್ಟೊಂದು ಇದ್ದರೆ ಹಾಗೆಯೇ ಏನೋ. ನನಗೆ ಒಂದೂ ಇಲ್ಲದ್ದರಿಂದ ನನ್ನ ಹತ್ತಿರ ಇರುವುದು ಸವೆಯಲೇ ಇಲ್ಲ.

ನನಗೊಂದು ಅಭ್ಯಾಸವಿದೆ, ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೋಣೆಯ ಕಿಟಕಿಗಳನ್ನು ಮುಚ್ಚಿ, ಒಂದನ್ನು ಬಿಟ್ಟು, ಪೇಪರ್ ಓದುವ ಭೂತಗನ್ನಡಿಯನ್ನು ಎದುರು ಗೋಡೆಯ ಹತ್ತಿರ ಹಿಡಿಯುತ್ತೇನೆ. ಗೋಡೆಯ ಮೇಲೆ ನಮ್ಮ ಬೀದಿ ತಲೆಕೆಳಗಾಗಿ ಇಳಿಯುತ್ತದೆ. ಬಣ್ಣಬಣ್ಣವಾಗಿ, ಅಂಗೈಯಷ್ಟಗಲ. ಆಟೋ ಮೇಲ್ಗಡೆ ಹೋಗುತ್ತದೆ. ತೆಂಗಿನ ಗರಿ ಕೆಳಗೆ ಆಡುತ್ತದೆ. ಕೈ ನಡುಗುತ್ತದೆ ಈಗ, ಹಾಗಾಗಿ ಬೀದಿಯೂ ಸ್ವಲ್ಪ ನಡುಗುತ್ತದೆ. ಯಾರೂ ಈ ಕಡೆ ನೋಡುವುದಿಲ್ಲ, ಯಾರೂ ಕೈ ಎತ್ತುವುದಿಲ್ಲ. ಕಣ್ಣು ದಣಿದಾಗ ಭೂತಗನ್ನಡಿ ಕೆಳಗಿಟ್ಟು ಕತ್ತಲಲ್ಲಿ ಸುಮ್ಮನೆ ಕೂರುತ್ತೇನೆ.

ಅಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಆ ಗಾಜಿನ ಮೇಲೆ. ಹಸಿರು ಸೀರೆ ಉಟ್ಟು, ನನ್ನ ಮೂಗಿಗೆ ತಾಗುವಷ್ಟು ಹತ್ತಿರ, ಬಾಯಿ ತೆರೆದು ನಗುತ್ತಿದ್ದಳು. ಅವಳು ಹೋಗುತ್ತೇನೆ ಅಂತ ಕೈ ಆಡಿಸುತ್ತಿದ್ದಳು, ನನಗೆ ಬಾ ಅಂತ ಕಂಡಿತು, ನಾನು "ಬಂದೇ" ಅಂದೆ.